ಹಾಲೆಂಡಿನಲ್ಲಿ ಲೋಬಾನದ ಹೊಗೆ

ರಾಯಬಾಗ ಸ್ಟೇಷನ್

ಈ ಬರಹವನ್ನು ಮೊದಲು ಹಿಮದಿಂದ ಶುರು ಮಾಡಿದ್ದೆ. ನಾವು ವಿಮಾನ ಇಳಿದಾಗ ಹಿಮ ಬೀಳುತ್ತಿತ್ತು, ಅವ್ವ ಅಂಗೈ ಚಾಚಿ ಅದನ್ನು ಹಿಡಿದು ನೋಡಿದಳು ಎಂದೆಲ್ಲ ಬರೆದಿದ್ದೆ. ಅಕ್ಕನ ಗಂಡ, ಅಂದರೆ ನಮ್ಮ ದಾಜಿ, ರಜೆಗೆ ಬಂದಾಗ ಅದನ್ನು ಓದಿ ನಕ್ಕರು. ‘ಯಾವ ಹಿಮಾನೋ ತಮ್ಮಾ? ಜಿಟಿಜಿಟಿ ಮಳಿ ಹಿಡದಿತ್ತು. ನಿಮ್ಮವ್ವ ಚಪ್ಪಲಿ ಕೈಯಾಗ ಹಿಡಕೊಂಡ ನಡದಿದ್ರು.’ ಚಪ್ಪಲಿ ನನಗೆ ನೆನಪೇ ಇಲ್ಲ. ಹಿಮ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ಹಿಮವನ್ನು ತೆಗೆದುಹಾಕಿ, ನನಗೆ ನೆನಪಿಲ್ಲದ ಚಪ್ಪಲಿಯನ್ನು ಇಟ್ಟುಕೊಂಡಿದ್ದೇನೆ. ಮುಂದೆ ಬರುವುದನ್ನೂ ಓದುಗರು ಇದೇ ಲೆಕ್ಕದಲ್ಲಿ ಹಿಡಿಯಬೇಕು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಜಗತ್ತಿನ ನದಿಗಳನ್ನೆಲ್ಲ ಗೋಡೆಯ ನಕಾಶೆಯ ಮೇಲೆ ಕೋಲಿನಿಂದ ತೋರಿಸಿದವನು. ಸ್ವತಃ ಕೃಷ್ಣೆಯನ್ನು ದಾಟಿ ಮೀರಜಿನ ಆಚೆ ಹೋದದ್ದು ಕಡಿಮೆ. ಅಕ್ಕ ತ್ರಿಶಲಾ ಐಗಳಿಯ ಭರತೇಶ ಎಂಬ ದನದ ಡಾಕ್ಟರರನ್ನು ಮದುವೆಯಾಗಿದ್ದಳು. ಅವರು ಹೆಚ್ಚಿನ ಓದಿಗೆಂದು ಹಾಲೆಂಡಿಗೆ ಹೋಗಿ ಅಲ್ಲಿಯ ಒಂದು ಹೈನು ಸಂಶೋಧನೆಯ ತೋಟದಲ್ಲಿ ಕೆಲಸಕ್ಕಿದ್ದರು. ಅಕ್ಕ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಅದರಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿಲ್ಲ. ಆದರೆ ರಕ್ತದೊತ್ತಡ ಏರಿದೆ, ವಿಮಾನ ಹತ್ತಕೂಡದು ಎಂದು ಅಲ್ಲಿಯ ಡಾಕ್ಟರರು ಹೇಳಿಬಿಟ್ಟರು.

ಅವ್ವ ಆ ಸುದ್ದಿ ಕೇಳಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಆಕಿ ತವರಿಗಿ ಬರಾಕ ಆಗಂಗಿಲ್ಲಂದ್ರ, ತವರ ಆಕಿ ಹಂತೇಕ ಹೋಗತೈತಿ’ ಅಂದಳು.

‘ನೀ ಹೋಗ. ನನಗ ಬರಾಕ ಆಗಂಗಿಲ್ಲ’ ಅಂದರು ಅಪ್ಪ. ‘ಚಂದ್ರಿಗಿ ದಿನಾ ತುಂಬ್ಯಾವ.’ ಚಂದ್ರಿ ನಮ್ಮ ಎಮ್ಮೆ.

‘ಮಗಳಿಗಿಂತ ಎಮ್ಮಿ ಹೆಚ್ಚಾತ?’

‘ಮಗಳ ಹಂತೇಕ ನೀ ಇರ್ತಿ. ಚಂದ್ರಿ ಹಂತೇಕ ಯಾರದಾರ?’

ರಾಯಬಾಗ ಸ್ಟೇಷನ್ನಿನಲ್ಲಿ ರೈಲು ಬರುವವರೆಗೆ ಅವ್ವ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಆ ದೇಶದ ನೆಲ ಸಮುದ್ರಕ್ಕಿಂತ ಕೆಳಗಿದೆ ಎಂದು ನಾನು ಜಾಣತನ ತೋರಿಸಲು ಹೇಳಿದ್ದೆ. ‘ಹಂಗಾದ್ರ ನೀರ ಒಳಗ ಯಾಕ ಬರಂಗಿಲ್ಲೋ?’ ಒಡ್ಡು ಕಟ್ಟಿದ್ದಾರೆ ಎಂದೆ. ‘ಒಡ್ಡ ಒಡದ್ರ?’ ಎಂದಳು. ಭೂಗೋಳದ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ವಿಮಾನ ನಿಲ್ದಾಣದ ಮೇಜು

ನಮ್ಮ ಟ್ರಂಕಿನಲ್ಲಿ ಅಂಟಿನ ಉಂಡಿ, ಅಳವಿ, ಒಣಕೊಬ್ಬರಿ, ಸುಂಠಿ, ಅಜವಾನ, ಹಳೆಯ ಮೆತ್ತನೆಯ ಸೀರೆಗಳು, ಒಂದು ಡಬ್ಬಿ ತುಂಬ ಧೂಪ ಹಾಕುವ ಲೋಬಾನ. ಇಷ್ಟಿಲ್ಲದೆ ಬಾಣಂತನ ಆಗುವುದುಂಟೆ? ಕಸ್ಟಮ್ಸಿನವನು ಅಂಟಿನ ಉಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅವ್ವ ಇನ್ನೊಂದನ್ನು ಎತ್ತಿಕೊಂಡು ಅವನ ಎದುರೇ ಕಟುಂ ಎಂದು ಕಡಿದು ಅಗಿದಳು. ‘ವಿಷಾ ಇದ್ರ ಮೊದಲ ನಾ ಸಾಯ್ತೀನಿ, ಹೇಳ ಅವಗ.’ ನಾನು ಅನುವಾದಿಸಲಿಲ್ಲ, ಬೇಕಾಗಲೂ ಇಲ್ಲ. ಅವನು ಲೋಬಾನದ ಡಬ್ಬಿ ತೆರೆದು ಮೂಸಿದ. ಮುಖ ಸಡಿಲಾಯಿತು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ನಕ್ಕು, ಮುಚ್ಚಳ ಹಾಕಿ ಹೋಗಲು ಸನ್ನೆ ಮಾಡಿದ.

‘ನೋಡ, ದೇವರಂಥಾ ಮನಶ್ಯಾ’ ಅಂದಳು ಅವ್ವ.

ಹೊರಗೆ ದಾಜಿ ನಿಂತಿದ್ದರು. ಗಡ್ಡ ಬಂದಿತ್ತು, ಕೋಟಿನ ಗುಂಡಿಗಳು ತಪ್ಪು ತೂತಿನಲ್ಲಿದ್ದವು. ಬಗ್ಗಿ ಅವ್ವನ ಕಾಲು ಮುಟ್ಟಿದವರು ಎದ್ದೇಳುವುದು ತಡವಾಯಿತು.

‘ಹಡದಾಳ್ರಿ ಅತ್ತಿ. ನೀವ್ ಇನ್ನಾ ಹಾದ್ಯಾಗ ಇದ್ದಾಗ್ಲೇ.’

‘ಇನ್ನಾ ಎರಡ ತಿಂಗಳ ಐತಲ್ರಿ!’

‘ಬಿ.ಪಿ. ಏರಿ ಫಿಟ್ಸ್ ಬರೂ ಹಂಗಾತ್ರಿ. ಹೊಟ್ಟಿ ಕೊಯ್ದ ತಗದಾರ. ಹೆಣ್ಣ ಕೂಸ.’

ಅವ್ವ ಮುಂದಿನದನ್ನು ಕೇಳಲಿಲ್ಲ. ಅವರೇ ಹೇಳಿದರು: ‘ಜೀವಾ ಐತ್ರಿ.’

ಸಣ್ಣ ಊರು

ಪರಿಸ್ಥಿತಿ ಹೀಗಿತ್ತು. ಅಕ್ಕ ಸಣ್ಣ ಊರಿನ ಆಸ್ಪತ್ರೆಯಲ್ಲಿ. ಕೂಸು ರೈಲಿನಲ್ಲಿ ಹೋಗಬೇಕಾದ ದೊಡ್ಡ ಊರಿನ ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಅಷ್ಟು ಎಳೆಯ ಕೂಸುಗಳನ್ನು ಉಳಿಸುವ ಸಲಕರಣೆ ಅಲ್ಲಿ ಮಾತ್ರ ಇತ್ತು. ಅಕ್ಕನಿಗೆ ಕೊಯ್ದ ಜಾಗ ಕೀವಾಗಿ ಜ್ವರ. ಜ್ವರ ಬಿಡುವವರೆಗೆ ಅವಳನ್ನು ಎಳೆಗೂಸುಗಳ ಕೋಣೆಗೆ ಬಿಡುವಂತಿಲ್ಲ. ಎಚ್ಚರ ತಪ್ಪಿದ್ದಾಗಲೇ ಹೆರಿಗೆಯಾದ್ದರಿಂದ ಅವಳು ಮಗಳನ್ನು ನೋಡಿಯೇ ಇರಲಿಲ್ಲ. ಎರಡು ಊರುಗಳ ನಡುವೆ ದಾಜಿಯ ಮನೆ, ಅಲ್ಲಿ ನಾವು.

ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವ್ವನನ್ನು ಕಂಡು ಅತ್ತಳು. ಆಮೇಲೆ ಮತ್ತೆ ಗೋಡೆ. ಕಿಟಕಿಯ ಆಚೆ ನೀರು ತುಂಬಿದ ಕಾಲುವೆ, ಅದರಾಚೆ ಕಬ್ಬಿಲ್ಲದ, ಗುಡ್ಡವಿಲ್ಲದ ಹಸಿರು. ಎಷ್ಟು ಸಪಾಟ ಎಂದರೆ ಕಾಗವಾಡದ ಹೊಲಗಳು ಅದರ ಮುಂದೆ ಏರುಪೇರು ಅನಿಸಬೇಕು.

‘ಕೂಸಿನ ಹಂತೇಕ ಹೋಗಿ ಬಂದ್ವಿ’ ಎಂದೆ ಮಾರನೆಯ ದಿನ.

‘ಯಾರ ಕೂಸ?’ ಅಂದಳು ಅಕ್ಕ.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ಕನಸಿನಲ್ಲಿ ಯಾರೋ ಹೊಟ್ಟೆಯಿಂದ ಏನನ್ನೋ ಒಯ್ದಂತೆ ಇತ್ತಂತೆ. ಅದು ಎಲ್ಲೋ ಒಂದು ಊರಿನಲ್ಲಿ ಇದೆ ಎನ್ನುವುದು ಬೇರೆಯವರ ಮನೆಯ ಸುದ್ದಿಯಂತೆ ಕೇಳುತ್ತಿತ್ತಂತೆ. ಇದನ್ನು ಅವಳು ಬಹಳ ವರ್ಷಗಳ ನಂತರ ಹೇಳಿದಳು. ಆಗ ಹೇಳಿದ್ದು ‘ಯಾರ ಕೂಸ’ ಅಷ್ಟೇ.

ಆ ಪ್ರಶ್ನೆಗಿಂತ ದೊಡ್ಡ ಚಿಂತೆ ಹಾಲಿನದು. ಪುಡಿಹಾಲು ಕೂಸಿಗೆ ಒಗ್ಗುತ್ತಿರಲಿಲ್ಲ; ಹೊಟ್ಟೆ ಉಬ್ಬುತ್ತಿತ್ತು. ತಾಯಿಯ ಹಾಲು ಬಂದರೆ ಉಳಿದೀತು ಎಂದು ಅಲ್ಲಿಯ ಡಾಕ್ಟರರು ಸುತ್ತುಬಳಸದೆ ಹೇಳಿದ್ದರು. ಇಲ್ಲಿ ನರ್ಸುಗಳು ಯಂತ್ರ ಹಚ್ಚಿ ಹಿಂಡಿದರೆ ಬಟ್ಟಲಿನ ತಳ ಒದ್ದೆಯಾಗುವಷ್ಟು ಬರುತ್ತಿತ್ತು. ದಾಜಿ ಕುರ್ಚಿ ಹತ್ತಿರ ಎಳೆದುಕೊಂಡು, ತಮ್ಮ ಕಸುಬಿನ ಮೆಲುದನಿಯಲ್ಲಿ, ಎದೆ ಬಿಗಿಯುತ್ತದೆಯೇ, ಕೂಸಿನ ನೆನಪಾದಾಗ ಜುಮ್ಮೆನ್ನುತ್ತದೆಯೇ ಎಂದು ಒಂದೊಂದೇ ಕೇಳಿದರು.

ಅಕ್ಕ ತಿರುಗಿ ನೋಡಿದಳು. ‘ನಾ ಏನ್ ನಿಮ್ಮ ಆಕಳೇನ್ರಿ?’

ದಾಜಿ ಕುರ್ಚಿಯನ್ನು ಹಿಂದೆ ಸರಿಸಿದರು.

ಗಾಜಿನ ಪೆಟ್ಟಿಗೆ

ದೊಡ್ಡ ಊರಿನ ಆಸ್ಪತ್ರೆಯ ನರ್ಸಿನ ಹೆಸರು ಮರೈಕೆ. ಅವ್ವ ಅವಳನ್ನು ಮೊದಲ ದಿನವೇ ಮಾರಕ್ಕ ಮಾಡಿದಳು. ಅವಳು ಅದಕ್ಕೂ ಓಗೊಟ್ಟಳು. ಆರಡಿ ಎತ್ತರದ ಹೆಂಗಸು. ಪೆಟ್ಟಿಗೆಯ ಪಕ್ಕದ ತೂತಿನಲ್ಲಿ ತೋಳು ಹಾಕಿದರೆ, ಕೂಸು ಅವಳ ಕೈಗಿಂತ ಸಣ್ಣದಾಗಿ ಕಾಣುತ್ತಿತ್ತು. ಮೈಮೇಲೆಲ್ಲ ನವಿರು ಕೂದಲು, ಮುದುಕನ ಹಣೆ, ಮೂಗಿಗೆ ನಳಿಕೆ. ನನಗೆ ನಾಚಿಕೆಯಾಗುವಂತೆ ಮೊದಲು ಅನಿಸಿದ್ದು, ಇದು ಇನ್ನೂ ಮನುಷ್ಯ ಆಗಿಲ್ಲ ಅಂತ.

ಅದು ಆಗಾಗ ಉಸಿರಾಡುವುದನ್ನು ಮರೆಯುತ್ತಿತ್ತು. ಯಂತ್ರ ಕಿರುಚುತ್ತಿತ್ತು. ಅವ್ವ ಗೋಡೆ ಹಿಡಿಯುತ್ತಿದ್ದಳು. ಮರೈಕೆ ಓಡದೆ ಬಂದು, ಒಂದು ಬೆರಳಿನಿಂದ ಕೂಸಿನ ಅಂಗಾಲು ತೀಡುತ್ತಿದ್ದಳು. ಎದೆ ಮತ್ತೆ ಏರಿಳಿಯುತ್ತಿತ್ತು.

‘ಇದನ್ನ ಆಕಳ ನಾಲಿಗಿಲೇ ಮಾಡತೈತಿ’ ಅಂದರು ದಾಜಿ.

‘ನಾವು ಹುಲ್ಲಿನ ಕಡ್ಡೀಲೇ ಮಾಡತೀವಿ’ ಅಂದಳು ಅವ್ವ. ‘ಉಸರ ಹಿಡದ ಕರದ ಮೂಗಿನಾಗ ಕಡ್ಡಿ ಆಡ್ಸಿ, ಹುಲ್ಲಲೇ ಮೈ ತಿಕ್ಕಿದ್ರ ಸೀನಿ ಎದ್ದ ಬಿಡತೈತಿ.’

ನಾನು ಇದನ್ನು ಮುರುಕು ಇಂಗ್ಲಿಷಿನಲ್ಲಿ ಮುಟ್ಟಿಸಿದಾಗ, ಅಲ್ಲೇ ಬರೆಯುತ್ತಿದ್ದ ಎಳೆಗೂಸುಗಳ ಡಾಕ್ಟರರು ತಲೆ ಎತ್ತಿದರು. ಕಡ್ಡಿಯ ವಿಷಯ ಮತ್ತೊಮ್ಮೆ ಹೇಳಿಸಿಕೊಂಡು, ದಾಜಿಯನ್ನು ಕಾಫಿಗೆ ಕರೆದೊಯ್ದರು. ಅವರು ಬಂದಾಗ ಅರ್ಧ ಮಾತು ಕೂಸಿನದು, ಅರ್ಧ ಕರುವಿನದು. ಈದ ಆಕಳು ಕರುವನ್ನು ನೆಕ್ಕುವುದು ಸ್ವಚ್ಛ ಮಾಡಲಿಕ್ಕಷ್ಟೇ ಅಲ್ಲ; ನೆಕ್ಕುತ್ತ ನೆಕ್ಕುತ್ತ ಅದರ ವಾಸನೆ ಕಲಿಯುತ್ತದೆ, ಆ ವಾಸನೆಗೆ ಹಾಲು ಇಳಿಸುತ್ತದೆ, ಕಲಿಯುವ ಹೊತ್ತಿನಲ್ಲಿ ಅಗಲಿಸಿದರೆ ಒಲ್ಲೆನೆಂದು ಒದೆಯಲೂಬಹುದು. ಇದನ್ನೆಲ್ಲ ಹೇಳಿ ದಾಜಿ, ‘ಅವರು ಭಾಳ ಮನಸಿಟ್ಟ ಕೇಳಿದ್ರು. ನಮ್ಮ ಇಲಾಖೆಯವರನ್ನ ಕಾಫಿಗೆ ಕರದ ಕೇಳೂ ಡಾಕ್ಟ್ರು ಇದ ಮೊದಲ’ ಅಂದರು.

ಆ ಕೋಣೆಯ ಗೋಡೆಯ ಮೇಲೆ ಒಂದು ಕಾಂಗರೂವಿನ ಚಿತ್ರವಿತ್ತು. ಮಕ್ಕಳ ವಾರ್ಡು, ಪ್ರಾಣಿಯ ಚಿತ್ರ ಇದ್ದೇ ಇರುತ್ತದೆ ಎಂದು ನಾನು ಬಿಟ್ಟುಬಿಟ್ಟಿದ್ದೆ. ಅದು ಅಲಂಕಾರವಲ್ಲ, ಪಾಠ ಎಂದಳು ಮರೈಕೆ. ಕಾಂಗರೂ ಮರಿ ಹುಟ್ಟುವಾಗ ಒಂದು ಬೀಜದಷ್ಟು, ಕಣ್ಣಿಲ್ಲ, ಕೂದಲಿಲ್ಲ. ತಾನೇ ತಾಯಿಯ ಕೂದಲು ಹಿಡಿದು ಹತ್ತಿ ಚೀಲ ಸೇರಿ ಉಳಿದ ಬಸಿರನ್ನು ಅಲ್ಲೇ ಮುಗಿಸುತ್ತದೆ. ದಕ್ಷಿಣ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆ ಸಾಲದೆ, ದಿನ ತುಂಬದ ಕೂಸುಗಳನ್ನು ಬತ್ತಲೆಯಾಗಿ ತಾಯಂದಿರ ಎದೆಗೆ ಕಟ್ಟಿದರಂತೆ, ಕೂಸುಗಳು ಬದುಕಿದವಂತೆ. ನಿಮ್ಮ ಅಕ್ಕನ ಜ್ವರ ಇಳಿಯಲಿ, ಇಲ್ಲೂ ಅದನ್ನೇ ಮಾಡುವುದು.

ಅವ್ವ ಚಿತ್ರದ ಹತ್ತಿರ ಹೋಗಿ ನೋಡಿದಳು. ‘ಅದಕ್ಕ ದೇವರ ಉಡಿ ಕಟ್ಟಿ ಕಳ್ಸ್ಯಾನಲ್ಲೋ’ ಅಂದಳು. ಕಾಂಗರೂ ಎಂದರೆ ಚೀಲದ ಪ್ರಾಣಿ ಎಂದು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಮಡಿಲ ಸೆರಗಿನಲ್ಲಿ ಕಾಳು, ಕೂಸು, ಹಸಿ ಕಡಲೆ ಎಲ್ಲ ಹೊತ್ತು ತರುವ ನಮ್ಮ ಹೊಲದ ಹೆಂಗಸರ ಉಡಿ ನನಗೆ ಹೊಳೆದಿರಲಿಲ್ಲ.

ಅಲ್ಲಿಯವರೆಗೆ ಮಾಡಲು ಮರೈಕೆ ಒಂದು ಕೆಲಸ ಕೊಟ್ಟಳು. ಮೆತ್ತನೆಯ ಎರಡು ತುಂಡು ಬಟ್ಟೆ. ಒಂದು ಕೂಸಿನ ತಲೆಯಡಿ, ಇನ್ನೊಂದು ತಾಯಿಯ ಎದೆಯಲ್ಲಿ. ದಿನಕ್ಕೊಮ್ಮೆ ಅದಲು ಬದಲು. ಕೂಸಿಗೆ ತಾಯಿಯ ವಾಸನೆ, ತಾಯಿಗೆ ಕೂಸಿನ ವಾಸನೆ. ಅರ್ಥವಾಯಿತೇ? ಆಯಿತು ಎಂದು ನಾನು ತಲೆ ಆಡಿಸಿದೆ. ಅವ್ವನಿಗೆ ‘ಇದನ್ನ ಅಕ್ಕಗ ಕೊಡಬೇಕಂತ, ಅಕ್ಕಂದು ಇಲ್ಲಿಗಿ ತರಬೇಕಂತ’ ಎಂದು ಹೇಳಿದೆ. ಅಷ್ಟೇ ಹೇಳಿದೆ.

ಅಡುಗೆಮನೆ

ಹಾಗೆ ನಾವು ಬಟ್ಟೆ ಸಾಗಿಸುವವರಾದೆವು. ಸಂಜೆ ದೊಡ್ಡ ಊರಿನಿಂದ ಕೂಸಿನ ಬಟ್ಟೆ ಮನೆಗೆ. ಬೆಳಗ್ಗೆ ಅದು ಅಕ್ಕನಿಗೆ. ಅಕ್ಕನದು ಹಾಗೇ ಮನೆಗೆ ಬಂದು ಮಧ್ಯಾಹ್ನ ಮತ್ತೆ ರೈಲಿಗೆ. ಆ ದೇಶದ ರೈಲಿನಲ್ಲಿ ಯಾರೂ ಯಾರನ್ನೂ ಯಾವ ಊರು ಎಂದು ಕೇಳುವುದಿಲ್ಲ. ಅವ್ವ ಮೂರು ನಿಲ್ದಾಣ ತಡೆದುಕೊಂಡಳು. ನಾಲ್ಕನೆಯದಕ್ಕೆ ಎದುರಿಗಿದ್ದ ಮುದುಕಿಗೆ ಒಂದು ಅಂಟಿನ ಉಂಡಿ ಕೊಟ್ಟಳು. ಮುದುಕಿ ಅದನ್ನು ತಿನ್ನುವುದೋ ಇಡುವುದೋ ತಿಳಿಯದೆ, ಇಳಿಯುವ ತನಕ ಅಂಗೈಯಲ್ಲೇ ಹಿಡಿದು ಕೂತಿದ್ದಳು.

ಬಾಣಂತಿಯ ಅರಿವೆಯನ್ನು ನಮ್ಮಲ್ಲಿ ಹೇಗೆ ನೋಡಿಕೊಳ್ಳುತ್ತಾರೆಂದು ಓದುಗರಿಗೆ ಹೇಳಬೇಕಾಗಿಲ್ಲ. ಬೇರೆ ಬಟ್ಟೆಗೆ ಸೋಕಿಸುವಂತಿಲ್ಲ. ಕುದಿಯುವ ನೀರು, ಸಬಕಾರ, ಬಿಸಿಲು. ಕೊನೆಗೆ ಲೋಬಾನ, ಅಜವಾನದ ಹೊಗೆ. ಬಿಸಿಲಿಲ್ಲದ ಆ ದೇಶದಲ್ಲಿ ಅವ್ವ ಗೋಡೆಗೆ ಹಚ್ಚಿದ ಬಿಸಿನೀರಿನ ಕೊಳವೆಗಳ ಮೇಲೆ ಒಣಹಾಕಿದಳು. ಕೆಂಡವಿಲ್ಲದ ಅಡುಗೆಮನೆಯಲ್ಲಿ ಹಂಚು ಕಾಯಿಸಿ ಅದರ ಮೇಲೆ ಲೋಬಾನ ಹಾಕಿದಳು. ಮನೆ ತುಂಬ ಬೆಳ್ಳನೆಯ ಹೊಗೆ. ಪಕ್ಕದ ಮನೆಯವನು ನೀರಿನ ಬಕೀಟು ಹಿಡಿದುಕೊಂಡೇ ಬಾಗಿಲು ಬಡಿದ. ಅವ್ವ ಅವನಿಗೂ ಹೊಗೆಯನ್ನು ಎರಡು ಕೈಯಿಂದ ಬೀಸಿ ಕೊಟ್ಟಳು.

ಫಲ ಬೇಗ ಕಂಡಿತು ಎಂದು ನಾವೆಲ್ಲ ಹಿಗ್ಗಿದೆವು. ಅಕ್ಕ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಬಿಡುತ್ತಿರಲಿಲ್ಲ. ಕಣ್ಣಲ್ಲಿ ನೀರು. ‘ಮನೀ ವಾಸನಿ ಬರ್ತೈತಿ’ ಎನ್ನುತ್ತಿದ್ದಳು. ಅವ್ವನ ತೊಡೆಯ ಮೇಲೆ ತಲೆ ಇಟ್ಟು ಸಣ್ಣವಳಂತೆ ಮಲಗುತ್ತಿದ್ದಳು. ದಾಜಿ ನನ್ನ ಬೆನ್ನು ತಟ್ಟಿದರು. ಆದರೆ ಹಾಲು ಅಷ್ಟೇ. ಕೂಸಿನ ಬಗ್ಗೆ ಒಂದು ಮಾತೂ ಇಲ್ಲ. ಅತ್ತ ಕೂಸು ತೂಕ ಕಳೆದುಕೊಳ್ಳುತ್ತಿತ್ತು. ಯಂತ್ರ ಕಿರುಚುವುದು ಹೆಚ್ಚಾಗಿತ್ತು.

ದನದ ಮನೆ

ಒಂದು ಬೆಳಗ್ಗೆ ದಾಜಿ ತೋಟಕ್ಕೆ ಹೋಗಲೇಬೇಕಾಗಿ, ನಮ್ಮನ್ನೂ ಕರೆದೊಯ್ದರು. ಅವ್ವನ ಮನಸ್ಸು ತಿರುಗಲಿ ಎಂದಿರಬೇಕು. ಆಕಳುಗಳು ಆನೆಮರಿಯಂತಿದ್ದವು. ಕೆಚ್ಚಲು ಕಂಡು ಅವ್ವ ಬಾಯಿಯ ಮೇಲೆ ಕೈ ಇಟ್ಟಳು. ಆಮೇಲೆ ಅಂಗಳದ ಆಚೆ ಸಾಲಾಗಿ ಇಟ್ಟ ಬಿಳಿಯ ಗೂಡುಗಳು ಕಂಡವು. ಒಂದೊಂದು ಗೂಡಿನಲ್ಲಿ ಒಂದೊಂದು ಕರು, ಒಂಟಿ.

‘ಇವುಗಳ ತಾಯಂದ್ರ ಸತ್ತಾವೇನ್ರಿ?’

‘ಇಲ್ರಿ ಅತ್ತಿ. ಹುಟ್ಟಿದ ಕೂಡ್ಲೇ ಅಗಲಸ್ತಾರ. ಹಾಲ ಮಂದಿಗಿ ಬೇಕಲ್ರಿ. ಕರಕ್ಕ ಬಾಟ್ಲೀಲೇ ಕುಡಸ್ತಾರ.’

‘ತಾಯಿ ಸುಮ್ಮನಿರತೈತಿ?’

‘ಒಂದೆರಡ ದಿನ ಒದರ್ತಾವ್ರಿ. ಆಮ್ಯಾಲ ಮರೀತಾವ.’

‘ಮರ್ತೀನಂತ ಆಕಳ ಬಂದ ನಿಮಗ ಹೇಳೇತೇನ್ರಿ?’

ಅವ್ವ ಒಂದು ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಕರು ಅವಳ ಸೆರಗು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಅವಳು ಎಳೆದುಕೊಳ್ಳಲಿಲ್ಲ. ಚಂದ್ರಿ ಮೊದಲ ಸಲ ಈದಾಗಿನ ಕತೆ ಹೇಳಿದಳು. ಎಮ್ಮೆಗೆ ಎಳೆ ವಯಸ್ಸು. ಕರುವನ್ನು ಹತ್ತಿರ ಬಿಟ್ಟುಕೊಳ್ಳದೆ ಒದೆಯಿತು. ಆಗ ಅವಳೂ ಅಪ್ಪನೂ ಕರುವಿನ ಹಸಿ ಮೈಮೇಲೆ ಉಪ್ಪು, ತೌಡು ಉದುರಿಸಿದರು. ಉಪ್ಪಿನ ಆಸೆಗೆ ಎಮ್ಮೆ ನೆಕ್ಕಿತು. ನೆಕ್ಕುತ್ತ ನೆಕ್ಕುತ್ತ ಕರುವಿನ ರುಚಿ ಹತ್ತಿತು.

‘ತ್ರಿಶಲಾಗೂ ಹಂಗ ಏನರ ಮಾಡಾಕ ಬಂದಿದ್ರ’ ಎಂದಳು. ಕರುವಿನ ಬಾಯಿಂದ ಸೆರಗು ಬಿಡಿಸಿಕೊಂಡು ಎದ್ದಳು. ಅವ್ವ ಸೋತ ಮುಖ ಮಾಡಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಮತ್ತೆ ದೊಡ್ಡ ಊರು

ಅದೇ ಮಧ್ಯಾಹ್ನವೋ ಮರುದಿನವೋ ಈಗ ಹೇಳಲಾರೆ. ದಾಜಿಯೂ ಜೊತೆಗಿದ್ದರು ಎನ್ನುವುದು ಖಾತ್ರಿ, ಏಕೆಂದರೆ ಮರೈಕೆ ಕೇಳಿದ ಪ್ರಶ್ನೆ ನನಗೆ ಅರ್ಥವಾಗಲಿಲ್ಲ, ಅವರಿಗೆ ಆಯಿತು. ಅಂದು ಅವಳು ಅಕ್ಕನ ಬಟ್ಟೆಯನ್ನು ಪೆಟ್ಟಿಗೆಯೊಳಗೆ ಇಡುವ ಮುನ್ನ ಯಾಕೋ ಮೂಗಿಗೆ ಹಿಡಿದಳು. ಹುಬ್ಬು ಗಂಟಿಕ್ಕಿತು. ಮತ್ತೆ ಮೂಸಿದಳು.

‘ಇದರಲ್ಲಿ ಚರ್ಚಿನ ವಾಸನೆ ಯಾಕೆ ಬರುತ್ತದೆ?’

ದಾಜಿ ಬಟ್ಟೆ ಇಸಿದುಕೊಂಡರು. ಮೂಸಿದರು. ದನದ ಡಾಕ್ಟರರ ಮೂಗು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರ ಮುಖದ ಮೇಲೆ ಮೊದಲು ಸಿಟ್ಟು ಬಂತೋ ನಗು ಬಂತೋ ಎಂದು ಎಷ್ಟು ಸಲ ನೆನಪಿಸಿಕೊಂಡರೂ ಎರಡೂ ಒಟ್ಟಿಗೆ ಬರುತ್ತವೆ. ಅತ್ತೆಗೆ ಅಳಿಯ ಹೀಗೆ ಹೇಳುವುದು ಹೇಗೆ? ಅವರು ಕಾರಿಡಾರಿನಲ್ಲಿ ಅವ್ವನ ಪಕ್ಕ ಕೂತರು. ಬಟ್ಟೆಯ ಮಾತೇ ಎತ್ತಲಿಲ್ಲ.

‘ಅತ್ತಿ, ಚಂದ್ರಿ ಈದ್ಲಂತ ತಿಳೀರಿ. ಕರಾ ಇನ್ನಾ ಹಸೀ ಐತಿ. ನೀವು ಅದಕ್ಕ ಬಿಸಿನೀರ ಹಾಕಿ, ಸಬಕಾರ ಹಚ್ಚಿ ತೊಳೀತೀರೇನ್ರಿ?’

‘ತೊಳ್ಯಾಕ ನನಗೇನ್ ಹುಚ್ಚ ಹಿಡದೈತೇನ್ರಿ? ವಾಸನಿ ಹೋದ್ರ ಎಮ್ಮಿ ಹೆಂಗ…’

ಅಲ್ಲಿಗೆ ನಿಂತಳು. ದಾಜಿಯ ಕೈಯಲ್ಲಿದ್ದ ಬಟ್ಟೆ ನೋಡಿದಳು. ಬೆಳ್ಳಗೆ, ಮಡಿಕೆ ಮುರಿಯದೆ, ಘಮಘಮ ಎನ್ನುತ್ತಿತ್ತು.

‘ಅಯ್ಯ ನನ್ನ ಕೈಯಾಗ ಮಣ್ಣ ಬೀಳಲಿ’ ಅಂದಳು. ಮೆಲ್ಲಗೆ ಅಂದಳು. ಆಮೇಲೆ ನನ್ನ ಕಡೆ ತಿರುಗಿ ಜೋರಾಗಿ: ‘ಹಾಟ್ಯಾ, ವಾಸನಿ ಸಲುವಾಗಿ ಅಂತ ನನಗ ಯಾಕ ಹೇಳ್ಲಿಲ್ಲೋ? ಮಾಸ್ತರ ಆಗ್ಯಾನಂತ, ಮಾಸ್ತರ!’

ದಾಜಿ ನಡುವೆ ಬಂದರು. ‘ದಿನಾ ಮನ್ಯಾಗ ಹೊಗಿ ಹಾಕೂದ ನಾನೂ ನೋಡೇನ್ರಿ. ಕರಕ್ಕ ಹಿಂಗ ಮಾಡಿದ್ರ ಅಲ್ಲೇ ಒದರಿ ಬಿಡತಿದ್ದೆ. ಮನಶ್ಯಾರಿಗಿ ಅಂದ ಕೂಡ್ಲೇ ತಲೀನ ಓಡ್ಲಿಲ್ರಿ.’

ಮರೈಕೆಗೆ ವಿಷಯ ತಿಳಿದಾಗ ಬಿದ್ದು ಬಿದ್ದು ನಕ್ಕಳು. ನಗು ಮುಗಿಸಿ, ಕೂಸಿನ ತಲೆಯಡಿಯ ಬಟ್ಟೆ ತೆಗೆದು ಅವ್ವನಿಗೆ ಕೊಡಲು ಬಂದಳು. ಹಾಲು ಕಕ್ಕಿದ ಕಲೆ, ಔಷಧದ ಹಳದಿ. ಪುರುಡಿನ ಅರಿವೆ, ಮುಟ್ಟಿದರೆ ಸ್ನಾನವಾಗಬೇಕು. ಅವ್ವ ಮಡಿಲು ಚಾಚಿದಳು. ರೈಲಿನುದ್ದಕ್ಕೂ ಅದನ್ನು ಉಡಿಯಲ್ಲಿಟ್ಟು ಮೇಲೆ ಕೈ ಮುಚ್ಚಿ ಕೂತಿದ್ದಳು, ಗಾಳಿಗೆ ಏನಾದರೂ ಹಾರಿಹೋದೀತು ಎನ್ನುವಂತೆ. ಅಂದು ನಾವು ಮನೆಯ ನಿಲ್ದಾಣದಲ್ಲಿ ಇಳಿಯಲಿಲ್ಲ. ನೇರ ಅಕ್ಕನ ಹತ್ತಿರ ಹೋದೆವು.

ಅಕ್ಕ ಎಂದಿನಂತೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ತಟ್ಟನೆ ದೂರ ಹಿಡಿದಳು.

‘ಛೀ, ಇದೇನ ಹುಳಿ ವಾಸನಿ! ತೊಳದಿಲ್ಲೇನ ಬೇ?’

‘ಇಲ್ಲ’ ಅಂದಳು ಅವ್ವ.

ಅಕ್ಕ ಮತ್ತೆ ಹತ್ತಿರ ತಂದಳು. ಕಲೆಯ ಮೇಲೆ ಬೆರಳಾಡಿಸಿದಳು. ಒಂದು ಕಪ್ಪು ಎಳೆ ಅಂಟಿಕೊಂಡಿತ್ತು, ಕಣ್ಣಿಗೆ ಕಾಣದಷ್ಟು ಸಣ್ಣದು. ಅದನ್ನು ಬೆಳಕಿಗೆ ಹಿಡಿದು ಕೇಳಿದಳು: ‘ಆಕಿಗಿ ಕೂದಲ ಅದಾವೇನ?’

ಇಲ್ಲಿ ನನ್ನ ಬಳಿ ಎರಡು ಕತೆಗಳಿವೆ. ಅವ್ವ ಹೇಳುವ ಕತೆಯಲ್ಲಿ, ಆ ಮಾತು ಮುಗಿಯುವ ಮೊದಲೇ ಅಕ್ಕನ ಕುಪ್ಪಸದ ಮುಂಭಾಗ ಒದ್ದೆಯಾಯಿತು, ನರ್ಸು ಬಟ್ಟಲು ತರಲು ಓಡಿದಳು. ಅಕ್ಕ ಹೇಳುವ ಕತೆಯಲ್ಲಿ, ಹಾಲು ಬಂದದ್ದು ಮಾರನೆಯ ಬೆಳಗ್ಗೆ. ಅಂದು ಜ್ವರವೂ ಇಳಿದಿತ್ತು, ಬಹುಶಃ ಜ್ವರ ಇಳಿದದ್ದಕ್ಕೇ ಬಂತು. ಕೋಣೆಯಲ್ಲಿದ್ದವನು ನಾನು. ನನಗೆ ನೆನಪಿರುವುದು ಅವಳು ಬೆಳಕಿಗೆ ಹಿಡಿದ ಕೂದಲು ಮಾತ್ರ. ‘ಯಾರ ಕೂಸ’ ಎಂದವಳು ‘ಆಕಿ’ ಎಂದದ್ದು, ಅಷ್ಟು ನನಗೆ ಸಾಕು.

ಕಾಂಗರೂ ಚಿತ್ರದ ಕೆಳಗೆ

ಅಕ್ಕನನ್ನು ದೊಡ್ಡ ಊರಿಗೆ ಒಯ್ದರು. ಬಾಣಂತಿಯನ್ನು ಬೆಚ್ಚಗೆ, ಕತ್ತಲಲ್ಲಿ, ಕಿವಿ ಕಟ್ಟಿ ಇಡಬೇಕಾದವಳು ಅವ್ವ. ಇಲ್ಲಿ ಹಗಲು ಬೆಳಕಿನ ಕೋಣೆಯಲ್ಲಿ ಕುಪ್ಪಸ ಬಿಚ್ಚಿಸಿ, ಬತ್ತಲೆ ಕೂಸನ್ನು ಎದೆಯ ಮೇಲೆ ಕವುಚಿ ಮಲಗಿಸಿದರು. ಅವ್ವ ತಡೆಯಲಿಲ್ಲ. ತನ್ನ ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು, ಹೊಲಕ್ಕೆ ಹೋಗುವಾಗ ಕಟ್ಟುವಂತೆ ತಾಯಿ ಮಗಳನ್ನು ಸೇರಿಸಿ ಸುತ್ತಿ, ಗಂಟು ಬಗಲಿಗೆ ಬರುವಂತೆ ಬಿಗಿದಳು. ಮರೈಕೆ ಆ ಗಂಟನ್ನು ಬಿಚ್ಚಿಸಿ, ಮತ್ತೆ ಕಟ್ಟಿಸಿ, ಕಲಿತಳು.

ಯಂತ್ರದ ಕಡೆ ನಾವೆಲ್ಲ ನೋಡುತ್ತ ಕೂತೆವು. ಅದು ಕಿರುಚಲಿಲ್ಲ. ಆಮೇಲೂ ಕಿರುಚಲಿಲ್ಲ. ತಾಯಿಯ ಎದೆ ಏರಿದಾಗ ಕೂಸೂ ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು; ಉಸಿರು ಮರೆಯಲು ಅದಕ್ಕೆ ಬಿಡುವೇ ಇರಲಿಲ್ಲ. ನನ್ನ ಹೆಗಲುಗಳು ಕಿವಿಯ ಹತ್ತಿರ ಏರಿ ಕೂತಿದ್ದವೆಂದು ಗೊತ್ತಾದದ್ದು ಅವು ಕೆಳಗಿಳಿದಾಗ.

ಅಕ್ಕ ಕಣ್ಣು ಮುಚ್ಚಿಕೊಂಡೇ, ‘ಈಗ ಹೇಳ್ರಿ ನಿಮ್ಮ ಆಕಳದ್ದ’ ಅಂದಳು.

ದಾಜಿ ಏನೋ ಹೇಳಲು ಹೋಗಿ, ಮೂಗು ಸೀಟಿಕೊಂಡರು.

ತಾಯಿಗೆ ವಿಶ್ರಾಂತಿ ಬೇಕಾದಾಗ ಮನೆಯವರು ಯಾರಾದರೂ ಆದೀತು ಎಂದು ಹೇಳಿ ನನ್ನನ್ನೂ ಕೂರಿಸಿದರು. ಚಿಕ್ಕೋಡಿಯ ಮಾಸ್ತರ, ಪರದೇಶದ ಹೆಂಗಸರ ನಡುವೆ ಅಂಗಿ ಬಿಚ್ಚಿ, ಎದೆಯ ಮೇಲೆ ಅಕ್ಕನ ಮಗಳನ್ನು, ಅಂದರೆ ನನ್ನ ಸೊಸೆಯನ್ನು, ಹೊತ್ತು. ಅವಳು ನನ್ನ ಎದೆಗೂದಲನ್ನು ಬಿಗಿಯಾಗಿ ಹಿಡಿದಳು. ನೋವಾಯಿತು. ಕಾಂಗರೂ ಮರಿಯ ಪಾಠವನ್ನು ನಾನು ಅಂದಿನಿಂದ ಬೇರೆ ಥರ ಹೇಳುತ್ತೇನೆ.

ರಾಯಬಾಗ

ಕೂಸು ಪೆಟ್ಟಿಗೆ ಬಿಟ್ಟು ಮನೆಗೆ ಬಂದ ಮೇಲೆ ನಾವು ಹೊರಟೆವು. ಅಕ್ಕ ಒಂದು ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವ್ವನ ಕೈಗಿತ್ತಳು. ‘ಅಪ್ಪಗ ಕೊಡ. ತೊಳದಗಿಳದೀ ಮತ್ತ!’ ಮುಂಬಯಿಯ ಕಸ್ಟಮ್ಸಿನವನು ಟೇಪ್‌ ರೆಕಾರ್ಡರ್ ಹುಡುಕುತ್ತ ಆ ಚೀಲ ಬಿಚ್ಚಿ, ಎರಡು ಬೆರಳಲ್ಲಿ ಎತ್ತಿ, ಹಾಗೇ ವಾಪಸು ಹಾಕಿದ. ‘ಬಾಯಿ ಬಿಗಿ ಕಟ್ಟ ತಮ್ಮಾ’ ಎಂದು ಅವ್ವ ಅವನಿಗೆ ಕನ್ನಡದಲ್ಲೇ ತಾಕೀತು ಮಾಡಿದಳು.

ರಾಯಬಾಗದಲ್ಲಿ ಇಳಿದು ಮನೆ ಮುಟ್ಟಿದಾಗ ಅಪ್ಪ ಕೊಟ್ಟಿಗೆಯಲ್ಲಿದ್ದರು. ಚಂದ್ರಿ ಈದಿದ್ದಳು, ಹೆಣ್ಣು ಕರು. ಅವ್ವ ಕಾಲು ತೊಳೆಯದೆ, ಟ್ರಂಕನ್ನು ಅಂಗಳದಲ್ಲೇ ತೆರೆದು, ಸೀರೆಗಳ ಅಡಿಯಿಂದ ಚೀಲ ತೆಗೆದು ಅವರ ಕೈಗೆ ಕೊಟ್ಟಳು. ಏನು, ಯಾಕೆ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಅಪ್ಪ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಬಟ್ಟೆ ಬಿಡಿಸಿ, ಮೂಸಿದರು.

‘ಲೋಬಾನದ ವಾಸನಿ ಐತಲ್ಲ’ ಅಂದರು.

ಹೌದು. ಇಷ್ಟು ದೂರ ಆ ಟ್ರಂಕಿನಲ್ಲಿ, ಆ ಸೀರೆಗಳ ಕೆಳಗೆ, ಖಾಲಿ ಡಬ್ಬಿಯ ಪಕ್ಕ ಬಂದಿತ್ತು ಅದು. ಅವ್ವನ ಮುಖ ಕೆಂಪಾಯಿತು.

‘ಸರೀತ್ನಾಗಿ ಮೂಸ್ರಿ!’

ಅಪ್ಪ ಗೋಡೆಗೆ ಒರಗಿದರು. ಬಟ್ಟೆಯಲ್ಲಿ ಮೂಗು, ಬಾಯಿ, ಮೀಸೆ ಎಲ್ಲ ಹುದುಗಿಸಿ, ಬಹಳ ಹೊತ್ತು ಹಾಗೇ ಇದ್ದರು. ಹಿಂದೆ ಚಂದ್ರಿ ಕರುವನ್ನು ನೆಕ್ಕುವ ಸಪ್ಪಳ ಕೇಳುತ್ತಿತ್ತು.

‘ಹೂಂ’ ಅಂದರು ಕೊನೆಗೆ. ‘ಐತಿ. ಒಳಗ ಐತಿ.’

ನಿಜಕ್ಕೂ ಇತ್ತೇ ಎಂದು ನಾನು ಅವರನ್ನು ಕೇಳಲಿಲ್ಲ. ಅವ್ವ ಮಾತ್ರ, ಮನೆ ಬಿಟ್ಟ ಮೇಲೆ ಮೊದಲ ಸಲ ಎಂಬಂತೆ, ಕೊಟ್ಟಿಗೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು.